ಮೊದಲ ಬೇಸ್ ಆಂಪ್: ಡ್ರಮ್ಸ್ ಶುರುವಾದ ಕೂಡಲೇ ನನ್ನ ಸದ್ದು ಮಾಯ

ಪ್ರಶ್ನೆ

ಬೇಸ್ ಗಿಟಾರ್ ಹಿಡಿದು ಎರಡು ವರ್ಷ ಆಯ್ತು. ಹೋದ ವಾರ ಮೊದಲ ಸಲ ಜನರ ಮುಂದೆ ನುಡಿಸಿದೆವು. ಐವತ್ತು ಅರವತ್ತು ಜನ ಹಿಡಿಸುವ ಜಾಗ. ಎರಡು ಗಿಟಾರ್, ಡ್ರಮ್ಸ್, ಒಬ್ಬ ಹಾಡುಗಾರ. ಅಲ್ಲಿದ್ದ ಪಿಎಗೆ (ಜನರಿಗೆ ಕೇಳಿಸುವ ಸೌಂಡ್ ಸಿಸ್ಟಮ್) ಹಾಡಿನ ಮೈಕ್ ಬಿಟ್ಟರೆ ಬೇರೇನೂ ಹಾಕಿರಲಿಲ್ಲ. ನನ್ನದು ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಂಡಿದ್ದ 30 ವಾಟ್ ಆಂಪ್, 8 ಇಂಚಿನ ಸ್ಪೀಕರ್.

ಸೌಂಡ್ ಚೆಕ್‌ನಲ್ಲಿ ಒಬ್ಬನೇ ನುಡಿಸಿದಾಗ ಚೆನ್ನಾಗಿಯೇ ಇತ್ತು. ಡ್ರಮ್ಸ್ ಶುರುವಾಯ್ತು ನೋಡಿ, ನಾನು ಇದ್ದೇನೋ ಇಲ್ಲವೋ ಅನ್ನುವ ಹಾಗಾಯ್ತು. ವಾಲ್ಯೂಮ್ ಏರಿಸಿದೆ. ಕೆಳಗಿನ ಸ್ವರ ಏರಿಸುವ ಬೇಸ್ ನಾಬನ್ನು ಕೊನೆಯವರೆಗೆ ತಿರುಗಿಸಿದೆ. ಆಮೇಲೆ ಇ ತಂತಿ ಮುಟ್ಟಿದಾಗಲೆಲ್ಲ ಸ್ಪೀಕರ್ ಹರಿದ ತಮಟೆ ಥರ ಭರ್ ಅನ್ನುತ್ತಿತ್ತು. ಗಿಟಾರ್ ನುಡಿಸುವ ಗೆಳೆಯನ 40 ವಾಟ್ ಆಂಪ್ ಮಾತ್ರ ಅರ್ಧ ವಾಲ್ಯೂಮ್‌ನಲ್ಲೇ ಇಡೀ ರೂಮು ತುಂಬಿತ್ತು. ಅದು ಹೇಗೆ?

ಈಗ ಹೊಸ ಆಂಪ್ ತೆಗೆದುಕೊಳ್ಳಬೇಕು. 100 ವಾಟ್ ಸಾಕಾ, 500 ಬೇಕಾ? ಸ್ಪೀಕರ್ 10 ಇಂಚಾ, 15 ಇಂಚಾ?

ಉತ್ತರ 1

ಮೊದಲು ಗೆಳೆಯನ ಆಂಪ್ ವಿಷಯ. ಗಿಟಾರ್‌ನ ಕೆಳಗಿನ ಇ ಸುಮಾರು 82 ಹರ್ಟ್ಸ್, ಬೇಸ್‌ನದು 41. ಅಷ್ಟೇ ಜೋರಾಗಿ ಕೇಳಿಸುತ್ತಾ ಒಂದು ಆಕ್ಟೇವ್ (ಹರ್ಟ್ಸ್ ಅರ್ಧಕ್ಕೆ) ಕೆಳಗಿಳಿಯಬೇಕು ಅಂದರೆ ಸ್ಪೀಕರ್ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕು. ಸಾಲದ್ದಕ್ಕೆ ನಮ್ಮ ಕಿವಿ ಮಧ್ಯದ ಸ್ವರಗಳಿಗೆ ಚುರುಕು, ಕೆಳಗಿನವಕ್ಕೆ ಮಂದ. ಗಿಟಾರ್ ಇರುವುದೇ ಕಿವಿ ಚುರುಕಾಗಿರುವ ಜಾಗದಲ್ಲಿ. ಅದಕ್ಕೇ 40 ವಾಟ್ ಅದಕ್ಕೆ ಧಾರಾಳ, ನಮಗೆ ಏನೇನೂ ಅಲ್ಲ.

ಎರಡನೆಯದು, ಆ ಬೇಸ್ ನಾಬ್. ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪು, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಕೇಳಿಸುತ್ತಿಲ್ಲ ಅಂದ ಕೂಡಲೇ ಕೈ ಅಲ್ಲಿಗೇ ಹೋಗುತ್ತದೆ. ಕೆಳಗಿನ ಸ್ವರಗಳನ್ನು 12 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ಆಂಪ್‌ನಿಂದ ಸುಮಾರು 16 ಪಟ್ಟು ಪವರ್ ಕೇಳಿದ ಹಾಗೆ. 30 ವಾಟ್ ಆಂಪ್ ಎಲ್ಲಿಂದ ತರಬೇಕು? ಭರ್ ಅಂದದ್ದು ಅದೇ. ಅಷ್ಟು ಮಾಡಿದರೂ ಆ ಸದ್ದು ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಜೊತೆ ಬೆರೆತುಹೋಗುತ್ತದೆ.

ದುಡ್ಡು ಹಾಕುವ ಮುಂಚೆ ಮುಂದಿನ ಪ್ರಾಕ್ಟೀಸ್‌ನಲ್ಲಿ ಒಂದು ಕೆಲಸ ಮಾಡಿ. ಬೇಸ್ ನಾಬ್ ನಡುವಿಗಿಂತ ಸ್ವಲ್ಪ ಕೆಳಗೆ ಇಡಿ, ಮಿಡ್ (ಮಧ್ಯದ ಸ್ವರಗಳ ನಾಬ್) ಏರಿಸಿ. ಆಂಪನ್ನು ಒಂದು ಗಟ್ಟಿ ಕುರ್ಚಿ ಮೇಲೆ ಇಡಿ, ಇಲ್ಲ ಮುಂದಿನ ಅಂಚಿಗೆ ಏನಾದರೂ ಕೊಟ್ಟು ಮುಖ ಮೇಲೆ ಮಾಡಿ. ನೆಲದ ಮೇಲಿದ್ದರೆ ಸದ್ದು ನಿಮ್ಮ ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಬರುವುದು ಬರೀ ಗುಂಯ್. ಏನಾಯ್ತು ಅಂತ ಬಂದು ಹೇಳಿ.

ಪ್ರಶ್ನೆ ಕೇಳಿದವರು

ಮಾಡಿ ನೋಡಿದೆ ಸರ್. ಒಬ್ಬನೇ ನುಡಿಸಿದಾಗ ಮೂಗಿನಲ್ಲಿ ಮಾತಾಡಿದ ಹಾಗಿತ್ತು, ಇದೇನಪ್ಪಾ ಅನ್ನಿಸಿತು. ಬ್ಯಾಂಡ್ ಜೊತೆ ಸೇರಿದಾಗ ಮಾತ್ರ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು! ಆದರೆ ಡ್ರಮ್ಮರ್ ಜೋರು ಮಾಡಿದಾಗ ಮತ್ತೆ ಅದೇ ಭರ್. ಹಾಗಾಗಿ ಹೊಸದು ಬೇಕೇ ಬೇಕು.

ಸೆಕೆಂಡ್ ಹ್ಯಾಂಡ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಡಬ್ಬದಲ್ಲಿ) ಒಂದು ನೋಡಿದ್ದೇನೆ. 12 ಇಂಚಿನ ಒಂದೇ ಸ್ಪೀಕರ್. ಮುಂದೆ ದೊಡ್ಡದಾಗಿ 300 ವಾಟ್ ಅಂತ ಇದೆ. ಹಿಂದೆ ಸಣ್ಣ ಅಕ್ಷರದಲ್ಲಿ "4 ಓಮ್‌ನಲ್ಲಿ" ಅಂತ ಇದೆ, ಒಳಗಿನ ಸ್ಪೀಕರ್ 8 ಓಮ್ ಅಂತೆ. ಏನಿದರ ಅರ್ಥ?

ಉತ್ತರ 2

ಆ ಸಣ್ಣ ಅಕ್ಷರದಲ್ಲೇ ಇರುವುದು ಕಥೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ಒಳಗಿನ 8 ಓಮ್ ಸ್ಪೀಕರ್ ಒಂದನ್ನೇ ಓಡಿಸಿದರೆ ಆ ಆಂಪ್ ಕೊಡುವುದು ಹೆಚ್ಚುಕಡಿಮೆ ಅರ್ಧ, 150ರಿಂದ 180 ಅಂದುಕೊಳ್ಳಿ. ಹೊರಗೆ ಇನ್ನೊಂದು 8 ಓಮ್ ಕ್ಯಾಬ್ (ಬರೀ ಸ್ಪೀಕರ್ ಇರುವ ಡಬ್ಬ) ಸೇರಿಸಿದಾಗ ಕರೆಂಟಿಗೆ ಎರಡು ದಾರಿ ಸಿಕ್ಕಿ ತಡೆ 4 ಓಮ್‌ಗೆ ಇಳಿಯುತ್ತದೆ. ಪೂರ್ತಿ 300 ಬರುವುದು ಆಗ. ಮೋಸ ಏನಲ್ಲ, ಬರೆಯುವ ಪದ್ಧತಿ ಹಾಗೆ. ಆದರೆ 4 ಓಮ್‌ನ ಕ್ಯಾಬ್ ಮಾತ್ರ ಸೇರಿಸಬೇಡಿ. 8 ಮತ್ತು 4 ಸೇರಿದರೆ 2.7ರ ಹತ್ತಿರ ಇಳಿಯುತ್ತದೆ. 4ಕ್ಕಿಂತ ಕೆಳಗೆ ಹೋಗಬಾರದ ಆಂಪ್ ಶೋ ನಡುವೆ ಬಂದ್ ಆಗಬಹುದು, ಸುಟ್ಟೂ ಹೋಗಬಹುದು. ಕ್ಯಾಬ್‌ಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ಕೂದಲೆಳೆ, ಬಿಸಿಯಾಗುತ್ತದೆ.

ಅರ್ಧ ಅಂದ ಕೂಡಲೇ ಬೇಜಾರು ಬೇಡ. ಪವರ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ಅಂದರೆ 300 ಮತ್ತು 500ರ ನಡುವೆ ನೀವು ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಸ್ಪೀಕರ್‌ನ ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಜೋರು ಅನ್ನುವ ಅಂಕಿ) 3 ಡೆಸಿಬೆಲ್ ಜಾಸ್ತಿ ಇದ್ದರೆ ಸುಮ್ನೆ ಎರಡರಷ್ಟು ಪವರ್ ಸಿಕ್ಕ ಹಾಗೆ, ಆದರೆ ಆ ಅಂಕಿಯನ್ನು ಯಾರೂ ನೋಡುವುದೇ ಇಲ್ಲ. 15 ಇಂಚು ಅಂದರೆ ಜಾಸ್ತಿ ಬೇಸ್ ಅನ್ನುವುದೂ ಅರ್ಧ ಸತ್ಯ, ಡಬ್ಬ ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ನನ್ನ ಪ್ರಕಾರ ನಿಮ್ಮಂಥ ಜಾಗಕ್ಕೆ 12 ಇಂಚಿನದು ಒಂದು ಅಥವಾ 10 ಇಂಚಿನವು ಎರಡು ಸಾಕು. ಇನ್ನೊಂದು ಕ್ಯಾಬ್‌ಗೆ ದಾರಿ ಇರುವುದು ಒಳ್ಳೆಯದೇ.

ನೋಡಲು ಹೋಗುವಾಗ ನಿಮ್ಮದೇ ಬೇಸ್, ನಿಮ್ಮದೇ ಕೇಬಲ್ ಒಯ್ಯಿರಿ. ಒಂದೊಂದೇ ನಾಬ್ ತಿರುಗಿಸಿ, ಕರಕರ ಅಂದರೆ ಒಳಗೆ ಧೂಳು. ಅದು ದೊಡ್ಡ ವಿಷಯವಲ್ಲ. ಇ ತಂತಿಯನ್ನು ಜೋರಾಗಿ ಮೀಟಿ ಕೈ ಬಿಟ್ಟು, ಸ್ವರ ಸಾಯುವವರೆಗೂ ಕಿವಿಗೊಡಿ. ಕೊನೆಯಲ್ಲಿ ಸರಸರ ಉಜ್ಜಿದ ಸದ್ದು ಬಂದರೆ ಸ್ಪೀಕರ್ ಒಳಗಿನ ತಂತಿ ಸುರುಳಿ (ಕಾಯಿಲ್) ತಾಗುತ್ತಿರಬಹುದು. ಆಗ ಅಲ್ಲಿಂದ ಎದ್ದುಬನ್ನಿ. ಆಮೇಲೆ ಆಂಪನ್ನು ಒಂದೇ ಕೈಯಲ್ಲಿ ಎತ್ತಿ ಒಂದು ಮಹಡಿ ಹತ್ತಿ ನೋಡಿ.

ಉತ್ತರ 3

ಭಾರದ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವಾಟ್‌ನದು, ಪೂರ್ತಿ ವ್ಯಾಲ್ವ್ (ಹಳೆಯ ಗಾಜಿನ ಟ್ಯೂಬ್). ಅದರ ಕ್ಯಾಬ್‌ನಲ್ಲಿ 10 ಇಂಚಿನ ಎಂಟು ಸ್ಪೀಕರ್. ಒಬ್ಬರೇ ಎತ್ತುವ ಮಾತೇ ಇಲ್ಲ. ಈಗ ಹಗುರವಾದ ಕ್ಲಾಸ್ ಡಿ ಆಂಪ್, ನಿಯೋಡೈಮಿಯಮ್ ಮ್ಯಾಗ್ನೆಟ್‌ನ ಹಗುರ ಸ್ಪೀಕರ್ ಬಂದು ಬೆನ್ನು ಉಳಿಸಿವೆ.

ಆದರೆ ನೀವಿಬ್ಬರೂ ಮುಖ್ಯವಾದದ್ದನ್ನು ಬಿಟ್ಟಿರಿ. ವಾಟ್ ಲೆಕ್ಕಕ್ಕಿಂತ ಮೊದಲು ಕೇಳಬೇಕಾದದ್ದು: ನೀವು ನುಡಿಸುವ ಜಾಗದಲ್ಲಿ ಜನರಿಗೆ ಬೇಸ್ ಕೇಳಿಸುವುದು ಆಂಪ್‌ನಿಂದಲೋ, ಪಿಎಯಿಂದಲೋ? ಪಿಎಯಲ್ಲಿ ಸಬ್ ವೂಫರ್ (ಕೆಳಗಿನ ಸ್ವರಗಳಿಗೇ ಇರುವ ದೊಡ್ಡ ಸ್ಪೀಕರ್) ಇದ್ದು ಬೇಸ್ ತೆಗೆದುಕೊಂಡರೆ, ನಿಮ್ಮ ಆಂಪ್ ನಿಮಗೆ ಮತ್ತು ಡ್ರಮ್ಮರ್‌ಗೆ ಕೇಳಿಸಿದರೆ ಮುಗಿಯಿತು. ಆಗ 100 ವಾಟ್‌ನಲ್ಲೂ ಕಾಲ ಹಾಕಬಹುದು. ಕಂಬದ ಮೇಲೆ ಎರಡು ಚಿಕ್ಕ ಸ್ಪೀಕರ್ ಇಟ್ಟ ಪಿಎ ಆದರೆ ಅದಕ್ಕೆ ಬೇಸ್ ಹಾಕಲೇಬೇಡಿ, ಹಾಡೂ ಕೆಡುತ್ತದೆ. ಅಲ್ಲಿ ಭಾರವೆಲ್ಲ ನಿಮ್ಮ ಆಂಪ್ ಮೇಲೆಯೇ.

ಹಾಗಾಗಿ ಆ ಕಾಂಬೊದ ಹಿಂದೆ ಎಕ್ಸ್‌ಎಲ್‌ಆರ್ ಡಿಐ ಔಟ್ (ಬೇಸ್ ಸದ್ದನ್ನು ನೇರ ಪಿಎಗೆ ಕಳಿಸುವ, ಮೈಕ್ ಕೇಬಲ್ ಹಾಕುವ ತೂತು) ಇದೆಯಾ ನೋಡಿ. ಪ್ರೀ/ಪೋಸ್ಟ್ ಸ್ವಿಚ್ (ಸದ್ದನ್ನು ಟೋನ್ ನಾಬ್‌ಗಳಿಗೆ ಮೊದಲೋ ಆಮೇಲೋ ತೆಗೆಯುವುದು), ಹಮ್ ನಿಲ್ಲಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಡಿಐ ಇಲ್ಲದ ಆಂಪ್ ಎಷ್ಟೇ ಜೋರಾಗಿರಲಿ, ನಾನಾದರೆ ಬಿಡುತ್ತೇನೆ.

ಪ್ರಶ್ನೆ ಕೇಳಿದವರು

ಆ ಕಾಂಬೊನೇ ತೆಗೆದುಕೊಂಡೆ. ಡಿಐ ಇದೆ, ಸ್ವಿಚ್ ಎರಡೂ ಇವೆ. ಮಹಡಿಯನ್ನೂ ಹತ್ತಿದೆ, ಕೈ ಬಿದ್ದುಹೋಗಲಿಲ್ಲ. ನಿನ್ನೆ ಶೋ ಇತ್ತು, ಈ ಸಲ ಸಬ್ ಇರುವ ಪಿಎ. ಡಿಐ ಕೇಬಲ್ ಚುಚ್ಚಿದ ಕೂಡಲೇ ಗುಂಯ್ ಅಂತ ಹಮ್ ಬಂತು. ಪ್ಲಗ್‌ನ ಅರ್ತ್ ಪಿನ್ ಕಿತ್ತುಬಿಡು ಅಂತ ಪಕ್ಕದವರೊಬ್ಬರು ಹೇಳಿದರು. ಭಯವಾಗಿ ಬಿಟ್ಟೆ. ಗ್ರೌಂಡ್ ಲಿಫ್ಟ್ ಒತ್ತಿದೆ, ಹಮ್ ನಿಂತಿತು.

ಒಂದೇ ಒಂದು ಉಳಿದಿದೆ. ಎ ಸ್ವರ ಮಾತ್ರ ಉಳಿದವಕ್ಕಿಂತ ಎರಡರಷ್ಟು ಗುಮ್ ಅನ್ನುತ್ತಿತ್ತು. ಆಂಪ್ ಇಟ್ಟಿದ್ದು ಸ್ಟೇಜಿನ ಹಿಂದಿನ ಮೂಲೆಯಲ್ಲಿ.

ಉತ್ತರ 1

ಭಯಪಟ್ಟದ್ದೇ ಸರಿ. ಅರ್ತ್ ಪಿನ್ ನಿಮ್ಮ ಜೀವಕ್ಕೆ ಇರುವುದು, ಅದನ್ನು ಯಾವತ್ತೂ ಮುಟ್ಟಬೇಡಿ. ಲಿಫ್ಟ್ ಸ್ವಿಚ್ ಬಿಡಿಸುವುದು ಡಿಐ ಕೇಬಲ್‌ನ ಗ್ರೌಂಡನ್ನು ಮಾತ್ರ.

ಎ ಸ್ವರದ ಗುಮ್ ಆಂಪ್‌ನದಲ್ಲ, ರೂಮಿನದು. ಮೂಲೆಯಲ್ಲಿ ಎರಡು ಗೋಡೆ, ನೆಲ, ಮೂರೂ ಸೇರಿ ಕೆಳಗಿನ ಸದ್ದನ್ನು ಉಬ್ಬಿಸುತ್ತವೆ. ಬಿಡಿ ಎ ತಂತಿ 55 ಹರ್ಟ್ಸ್. ಆ ರೂಮಿನ ಅಳತೆಗೆ ಅದೇ ಹೊಂದಿಕೊಂಡಿರಬೇಕು. ಮೂಲೆಯಿಂದ ಎರಡು ಹೆಜ್ಜೆ ಈಚೆಗೆ ಎಳೆದು ನೋಡಿ. ಆಮೇಲೂ ಇದ್ದರೆ ಬೇಸ್ ನಾಬ್ ಸ್ವಲ್ಪ ಇಳಿಸಿ. ಡಿಐ ಸ್ವಿಚ್ ಪ್ರೀನಲ್ಲಿ ಇರಲಿ, ಆಗ ನೀವು ಸ್ಟೇಜಿನ ಮೇಲೆ ಬೇಸ್, ಮಿಡ್ ನಾಬ್ ಎಷ್ಟೇ ತಿರುಗಿಸಿದರೂ ಪಿಎಗೆ ಹೋಗುವ ಸದ್ದು ಬದಲಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಸ್ವಿಚ್ ಪೋಸ್ಟ್‌ನಲ್ಲಿತ್ತು ಸರ್! ನಾನು ಶೋ ಪೂರ್ತಿ ಬೇಸ್ ನಾಬ್ ಆಡಿಸುತ್ತಲೇ ಇದ್ದೆ. ಮಿಕ್ಸರ್ ಹತ್ತಿರ ಇದ್ದವರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು.