ಪೈಪ್‌ನಲ್ಲಿ ಸಾಲುಗಳು ತಡವಾಗಿ ಬರುತ್ತಿವೆ: ಸ್ಯೂಡೋ ಟರ್ಮಿನಲ್ ಬಳಸಬೇಕೇ?

ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಲಿನಕ್ಸ್ ಮೇಲೆ ನಡೆಯುವ ಹಳೆಯ ತೂಕದ ಪ್ರೋಗ್ರಾಂ ಒಂದಿದೆ. ಅದನ್ನು ಸಿ ಭಾಷೆಯಲ್ಲಿ ಬರೆಯಲಾಗಿದ್ದು, ಸೋರ್ಸ್ ಕೋಡ್ ಈಗ ಯಾರ ಬಳಿಯೂ ಇಲ್ಲ. ಮೊದಲು ಲಾಟ್ ನಂಬರ್ ಕೊಟ್ಟರೆ, ಆಮೇಲೆ ತಕ್ಕಡಿಯ ಮೇಲೆ ಚೀಲ ಇಟ್ಟಾಗಲೆಲ್ಲ ಅದು 32 ಅಕ್ಷರಗಳ ಒಂದು ಸಾಲನ್ನು ತೋರಿಸುತ್ತದೆ. ಆ ಸಾಲುಗಳನ್ನು ಓದಿ ಬಿಲ್ಲಿಗೆ ಸೇರಿಸಲು ನಾನು ಪೈಥಾನ್‌ನಲ್ಲಿ ಇನ್ನೊಂದು ಪ್ರೋಗ್ರಾಂ ಬರೆದಿದ್ದೇನೆ.

ಟರ್ಮಿನಲ್‌ನಲ್ಲಿ ನೇರವಾಗಿ ಓಡಿಸಿದರೆ ಚೀಲ ಇಟ್ಟ ತಕ್ಷಣ ಸಾಲು ಕಾಣುತ್ತದೆ. ನನ್ನ ಪ್ರೋಗ್ರಾಂನಿಂದ ಪೈಪ್‌ಗಳ (ಒಂದು ಪ್ರೋಗ್ರಾಂನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಸಾಗಿಸುವ ದಾರಿ) ಮೂಲಕ ಓಡಿಸಿದರೆ ಮಾತ್ರ ಬಹಳ ಹೊತ್ತು ಏನೂ ಬರುವುದಿಲ್ಲ. 129ನೆಯ ಚೀಲದ ಹೊತ್ತಿಗೆ ಹಿಂದಿನ 128 ಸಾಲುಗಳು ಒಟ್ಟಿಗೆ ಬಂದು ಬೀಳುತ್ತವೆ. ಹಮಾಲರು ಒಂದು ಚೀಲ ಇಳಿಸಿ ಮುಂದಿನದಕ್ಕೆ ಕೈ ಹಾಕುವಷ್ಟರಲ್ಲಿ ತೂಕ ಬಿಲ್ಲಿನಲ್ಲಿ ಕಾಣಬೇಕು, ಏಕೆಂದರೆ ರೈತರು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ. ಇದಕ್ಕೆ ಸ್ಯೂಡೋ ಟರ್ಮಿನಲ್ (ಪ್ರೋಗ್ರಾಂಗೆ ನಿಜವಾದ ಟರ್ಮಿನಲ್‌ನಂತೆಯೇ ಕಾಣುವ ಕೃತಕ ಸಾಧನ) ಬಳಸಬೇಕೆಂದು ಒಬ್ಬರು ಹೇಳಿದರು. ಅದು ಸರಿಯಾದ ದಾರಿಯೇ?

ಕಲ್ಲಿನಕೋಟೆ (ಚಿತ್ರದುರ್ಗ)

ನಿಮ್ಮ ಲೆಕ್ಕದಲ್ಲೇ ಉತ್ತರವಿದೆ ಸರ್. 128 ಸಾಲು, ಸಾಲಿಗೆ 32 ಬೈಟ್, ಒಟ್ಟು 4096 ಬೈಟ್. ಸಿ ಲೈಬ್ರರಿಯು ತನ್ನ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯೇ ಎಂದು ಮೊದಲು ನೋಡುತ್ತದೆ. ಟರ್ಮಿನಲ್ ಆಗಿದ್ದರೆ ಸಾಲು ಮುಗಿದಾಗಲೆಲ್ಲ ಕಳುಹಿಸುತ್ತದೆ. ಪೈಪ್ ಅಥವಾ ಫೈಲ್ ಆಗಿದ್ದರೆ ಬಫರ್ (ತಾತ್ಕಾಲಿಕ ಸಂಗ್ರಹದ ಜಾಗ, ಇಲ್ಲಿ 4096 ಬೈಟ್) ತುಂಬುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ತಡವಾಗುತ್ತಿರುವುದು ಪೈಪ್‌ನಲ್ಲಲ್ಲ, ಸಾಲುಗಳು ಇನ್ನೂ ಆ ಪ್ರೋಗ್ರಾಂನ ಹೊಟ್ಟೆಯಲ್ಲೇ ಇರುತ್ತವೆ. ನೀವು ಓದುವ ಕಡೆ ಎಷ್ಟೇ ಬದಲಾವಣೆ ಮಾಡಿದರೂ ಪ್ರಯೋಜನವಾಗುವುದಿಲ್ಲ.

ಸೋರ್ಸ್ ಇದ್ದಿದ್ದರೆ, ಬಫರಿನಲ್ಲಿರುವುದನ್ನು ತಕ್ಷಣ ಕಳುಹಿಸುವ ಎಫ್‌ಫ್ಲಶ್ ಸೇರಿಸಿದರೆ ಮುಗಿಯುತ್ತಿತ್ತು. ಅದಿಲ್ಲದಿರುವಾಗ ಮೊದಲು ಎಸ್‌ಟಿಡಿಬಫ್ ಕಮಾಂಡ್ ಪ್ರಯತ್ನಿಸಿ. ಅದು ಚಿಕ್ಕದೊಂದು ಲೈಬ್ರರಿಯನ್ನು ಮೊದಲೇ ಸೇರಿಸಿ ಬಫರಿಂಗ್ ಕ್ರಮವನ್ನು ಬದಲಿಸುತ್ತದೆ. ಆದರೆ ಪ್ರೋಗ್ರಾಂ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿದ್ದರೆ (ಅಂದರೆ ಸಿ ಲೈಬ್ರರಿಯೂ ಅದರೊಳಗೇ ಸೇರಿಕೊಂಡಿದ್ದರೆ) ಅದು ನಡೆಯುವುದಿಲ್ಲ. ಆಗ ಸ್ಯೂಡೋ ಟರ್ಮಿನಲ್ಲೇ ದಾರಿ.

ಸ್ಯೂಡೋ ಟರ್ಮಿನಲ್ ಎಂದರೆ ಎರಡು ತುದಿಗಳ ಸಾಧನ. /ಡೆವ್/ಪಿಟಿಎಂಎಕ್ಸ್ ತೆರೆದಾಗ ನಿಮಗೆ ಮಾಸ್ಟರ್ ತುದಿ ಸಿಗುತ್ತದೆ, /ಡೆವ್/ಪಿಟಿಎಸ್/3ರಂತಹ ಹೆಸರಿನಲ್ಲಿ ಸ್ಲೇವ್ ತುದಿ ಹುಟ್ಟಿಕೊಳ್ಳುತ್ತದೆ. ಎಕ್ಸ್‌ಟರ್ಮ್, ಟಿಮಕ್ಸ್, ಎಸ್‌ಎಸ್‌ಎಚ್ ಸರ್ವರ್ ಎಲ್ಲವೂ ನಡೆಯುವುದು ಇದರ ಮೇಲೆಯೇ. ಪೈಥಾನ್‌ನಲ್ಲಿ ಪಿಟಿವೈ (ಸ್ಯೂಡೋ ಟರ್ಮಿನಲ್‌ನ ಕಿರುಹೆಸರು) ಮಾಡ್ಯೂಲ್‌ನ ಓಪನ್‌ಪಿಟಿವೈ ಎರಡೂ ತುದಿಗಳನ್ನು ಒಟ್ಟಿಗೆ ಕೊಡುತ್ತದೆ. ಸ್ಲೇವ್ ತುದಿಯನ್ನು ಹಳೆಯ ಪ್ರೋಗ್ರಾಂನ ಇನ್‌ಪುಟ್ ಮತ್ತು ಔಟ್‌ಪುಟ್ ಆಗಿ ಕೊಟ್ಟು, ಮಾಸ್ಟರ್ ತುದಿಯಲ್ಲಿ ನೀವು ಓದಿ ಬರೆಯಿರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಇದು ಪೈಪ್‌ನಂತೆ ಬೈಟ್‌ಗಳನ್ನು ಇದ್ದ ಹಾಗೆಯೇ ಸಾಗಿಸುವುದಿಲ್ಲ. ನಡುವೆ ಕರ್ನಲ್ಲಿನ ಲೈನ್ ಡಿಸಿಪ್ಲಿನ್, ಅಂದರೆ ಹೋಗಿಬರುವ ಅಕ್ಷರಗಳನ್ನು ಸಂಸ್ಕರಿಸುವ ಭಾಗ, ಕುಳಿತಿರುತ್ತದೆ. ನೀವು ಬರೆದ ಲಾಟ್ ನಂಬರ್ ಎಕೋ ಆಗಿ ನಿಮಗೇ ಮರಳಿ ಬರುತ್ತದೆ, ಸಾಲಿನ ಕೊನೆಯ ನ್ಯೂಲೈನ್‌ಗೆ ಮುಂಚೆ ಕ್ಯಾರೇಜ್ ರಿಟರ್ನ್ ಸೇರಿಕೊಳ್ಳುತ್ತದೆ, 3 ಎಂಬ ಬೈಟ್ ಹೋದರೆ ಅದು ಕಂಟ್ರೋಲ್-ಸಿ, ಅಂದರೆ ಪ್ರೋಗ್ರಾಂ ನಿಲ್ಲಿಸು ಎಂದೇ ಅರ್ಥ. ಟರ್ಮಿನಲ್ ಸೆಟ್ಟಿಂಗ್‌ಗಳನ್ನು ಬದಲಿಸುವ ಟರ್ಮಿಯೋಸ್ ಮೂಲಕ ಎಕೋ ಮತ್ತು ಔಟ್‌ಪುಟ್ ಸಂಸ್ಕರಣೆ, ಇವೆರಡನ್ನೂ ಮೊದಲೇ ನಿಲ್ಲಿಸಿಬಿಡಿ. ಎರಡೂ ಪ್ರೋಗ್ರಾಂಗಳು ನಿಮ್ಮವೇ ಆಗಿದ್ದರೆ ನಾನು ಇದನ್ನು ಖಂಡಿತ ಸೂಚಿಸುತ್ತಿರಲಿಲ್ಲ. ಪೈಪ್ ಅಥವಾ ಸಾಕೆಟ್ ಸಾಕಾಗುತ್ತಿತ್ತು. ಟರ್ಮಿನಲ್ಲೇ ಬೇಕೆನ್ನುವ ಪ್ರೋಗ್ರಾಂ ಎದುರಿಗಿದ್ದಾಗ ಮಾತ್ರ ಇದಕ್ಕೆ ಕೈ ಹಾಕಬೇಕು.

ಚಳ್ಳಕೆರೆ

ಮೇಲಿನ ಉತ್ತರಕ್ಕೆ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಶೇಂಗಾ ತೂಕಕ್ಕೆ ಇಂತಹದೇ ವ್ಯವಸ್ಥೆ ಮಾಡಿದಾಗ, ತಕ್ಕಡಿಯಿಲ್ಲದೆ ಮನೆಯಲ್ಲೇ ಪರೀಕ್ಷಿಸಲು ಎರಡು ಸಂಪರ್ಕಗಳನ್ನು ಪರಸ್ಪರ ಜೋಡಿಸುವ ಸೋಕ್ಯಾಟ್ ಕಮಾಂಡ್ ಬಹಳ ನೆರವಾಯಿತು. ಅದಕ್ಕೆ ಎರಡು ಪಿಟಿವೈಗಳನ್ನು ಜೋಡಿಸಲು ಹೇಳಿದರೆ ಎರಡು ಸಾಧನಗಳು ಸಿದ್ಧವಾಗುತ್ತವೆ. ಒಂದನ್ನು ಸೀರಿಯಲ್ ಪೋರ್ಟ್ ಎಂದು ತೂಕದ ಪ್ರೋಗ್ರಾಂಗೆ ತೋರಿಸಿ, ಇನ್ನೊಂದರಲ್ಲಿ ನಾವೇ ತೂಕ ಬರೆಯಬಹುದು. ಎರಡಕ್ಕೂ ರಾ ಮೋಡ್ (ಬೈಟ್‌ಗಳನ್ನು ಸಂಸ್ಕರಿಸದೆ ಇದ್ದ ಹಾಗೆಯೇ ಸಾಗಿಸುವ ಕ್ರಮ) ಕೊಟ್ಟು ಎಕೋ ನಿಲ್ಲಿಸಿರಬೇಕು, ಇಲ್ಲದಿದ್ದರೆ ಅದೇ ತೂಕ ಹಿಂದಕ್ಕೂ ಮುಂದಕ್ಕೂ ಸುತ್ತುತ್ತದೆ.

ಬೆಣ್ಣೆನಗರಿ (ದಾವಣಗೆರೆ)

ಇಬ್ಬರಿಗೂ ಧನ್ಯವಾದಗಳು. ಪ್ರೋಗ್ರಾಂ ಸ್ಟ್ಯಾಟಿಕ್ ಆಗಿಯೇ ಲಿಂಕ್ ಆಗಿತ್ತು, ಆದ್ದರಿಂದ ಎಸ್‌ಟಿಡಿಬಫ್ ಫಲ ಕೊಡಲಿಲ್ಲ. ಸ್ಯೂಡೋ ಟರ್ಮಿನಲ್ ಹಾಕಿದ ಮೇಲೆ ಮೊದಲ ಚೀಲದ ತೂಕವೇ ತಕ್ಷಣ ಬಂತು. ಈಗ ಉಳಿದಿರುವುದು ಒಂದೇ ತೊಡಕು: ಹಳೆಯ ಪ್ರೋಗ್ರಾಂ ಮುಗಿದರೂ ನನ್ನದು ಓದುತ್ತಾ ಕಾಯುತ್ತಲೇ ಇರುತ್ತದೆ.

ಕಲ್ಲಿನಕೋಟೆ (ಚಿತ್ರದುರ್ಗ)

ಸ್ಲೇವ್ ತುದಿಯ ಒಂದು ಪ್ರತಿ ನಿಮ್ಮ ಪ್ರೋಗ್ರಾಂನಲ್ಲಿಯೂ ತೆರೆದೇ ಉಳಿದಿದೆ. ಹಳೆಯ ಪ್ರೋಗ್ರಾಂ ಆರಂಭವಾದ ಕೂಡಲೇ ಅದನ್ನು ಮುಚ್ಚಿ. ಆಮೇಲೆ ಆ ಪ್ರೋಗ್ರಾಂ ಮುಗಿದಾಗ ಲಿನಕ್ಸ್‌ನಲ್ಲಿ ಮಾಸ್ಟರ್ ಓದುವಿಕೆಯು ಖಾಲಿ ಫಲಿತಾಂಶದ ಬದಲು ಇಐಒ, ಅಂದರೆ 5ನೆಯ ಸಂಖ್ಯೆಯ ದೋಷವನ್ನು ಕೊಡುತ್ತದೆ. ಅದನ್ನು ದೋಷವೆಂದು ಲಾಗ್ ಮಾಡದೆ, ಔಟ್‌ಪುಟ್ ಮುಗಿಯಿತೆಂದೇ ತಿಳಿಯಿರಿ. ಇನ್‌ಪುಟ್ ಮುಗಿಯಿತೆಂದು ನೀವು ತಿಳಿಸಬೇಕಾದರೆ ಪೈಪ್‌ನಲ್ಲಿ ಮಾಡುವಂತೆ ಒಂದೇ ದಿಕ್ಕನ್ನು ಮುಚ್ಚಲು ಇಲ್ಲಿ ಬರುವುದಿಲ್ಲ. ಹೊಸ ಸಾಲಿನ ಆರಂಭದಲ್ಲಿ 4 ಎಂಬ ಬೈಟ್, ಅಂದರೆ ಕಂಟ್ರೋಲ್-ಡಿ ಕಳುಹಿಸಬೇಕು. ಅದಕ್ಕಾಗಿಯೇ ನಾನು ನಿಮಗೆ ಪೂರ್ಣ ರಾ ಮೋಡ್ ಹೇಳಲಿಲ್ಲ, ಅದರಲ್ಲಿ ಈ ಬೈಟ್‌ಗೆ ವಿಶೇಷ ಅರ್ಥ ಉಳಿಯುವುದಿಲ್ಲ.