ಪದಚರ್ಚೆ: ಅಮೆರಿಕದ ಚುನಾವಣೆಯ ಪದಗಳಿಗೆ ಕನ್ನಡ ಬೇಕು (ಶುಕ್ರವಾರದೊಳಗೆ)

ಕ್ಯಾಲಿಫೋರ್ನಿಯಾದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಕೆಲಸ. ನಮ್ಮ ಕನ್ನಡ ಕೂಟದ ಕೆಲವು ಹಿರಿಯರಿಗೆ ಈಚೆಗೆ ಇಲ್ಲಿನ ಪೌರತ್ವ ಸಿಕ್ಕಿದೆ. ನವೆಂಬರ್‌ನಲ್ಲಿ ಮೊದಲ ಸಲ ಓಟು ಹಾಕುತ್ತಾರೆ. ಶಿಕಾಗೋದ ಕುಕ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹಿಂದಿ ಮತಪತ್ರ ಸಿಗುತ್ತದೆ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿಯದು ಸಿಗುತ್ತದೆ. ನಮ್ಮಲ್ಲಿ ಕನ್ನಡದ್ದು ಇಲ್ಲ. ಅದಕ್ಕೇ ಒಂದು ಪುಟದ ವಿವರ ಬರೆದು ದೇವಸ್ಥಾನದ ಬೋರ್ಡಿಗೆ ಹಾಕೋಣ ಅಂತಿದ್ದೇವೆ. ಶುಕ್ರವಾರ ಪ್ರಿಂಟಿಗೆ ಹೋಗಬೇಕು.

ಮಿಡ್‌ಟರ್ಮ್‌ಗೆ ‘ಮಧ್ಯಂತರ ಚುನಾವಣೆ’, ಗವರ್ನರ್‌ಗೆ ‘ರಾಜ್ಯಪಾಲ’, ಸೆಕ್ರೆಟರಿ ಆಫ್ ಸ್ಟೇಟ್‌ಗೆ ‘ರಾಜ್ಯ ಕಾರ್ಯದರ್ಶಿ’, ಪ್ರೈಮರಿಗೆ (ನವೆಂಬರ್‌ಗೆ ಮುಂಚೆ ಅಭ್ಯರ್ಥಿಗಳನ್ನು ಆರಿಸುವ ಸುತ್ತು) ‘ಪ್ರಾಥಮಿಕ ಚುನಾವಣೆ’, ಇಂಪೀಚ್‌ಮೆಂಟ್‌ಗೆ ‘ವಾಗ್ದಂಡನೆ’ ಅಂತ ಹಾಕಿದ್ದೇನೆ. ಎಲೆಕ್ಟೋರಲ್ ಕಾಲೇಜ್‌ಗೆ, ಅಂದರೆ ಕೊನೆಗೆ ಅಧ್ಯಕ್ಷರನ್ನು ಆರಿಸುವ ‘ಎಲೆಕ್ಟರ್’ಗಳ ಗುಂಪಿಗೆ, ಏನೂ ಹೊಳೆಯುತ್ತಿಲ್ಲ. ಇವು ಸರಿಯಾ? ದಯವಿಟ್ಟು ನೋಡಿ ಹೇಳಿ.

ಶಿವಮೊಗ್ಗದಿಂದ:

ಇದರಲ್ಲಿ ಕನ್ನಡ ಎಲ್ಲಿದೆ? ಮಧ್ಯಂತರ, ರಾಜ್ಯಪಾಲ, ವಾಗ್ದಂಡನೆ ಎಲ್ಲ ಸಂಸ್ಕೃತ. ‘ಚುನಾವಣೆ’ ಅನ್ನುವುದೇ ಹಿಂದಿಯ ‘ಚುನಾವ್’ಗೆ ‘ಣೆ’ ಅಂಟಿಸಿ ಮಾಡಿದ್ದು. ‘ಆಯ್ಕೆ’ ಇರುವಾಗ ಅದು ಯಾಕೆ ಬೇಕು? ಪ್ರೈಮರಿಗೆ ‘ಮುನ್ನಾಯ್ಕೆ’ ಅನ್ನಿ. ಮಿಡ್‌ಟರ್ಮ್‌ಗೆ ‘ನಡುಗಾಲದ ಆಯ್ಕೆ’. ಎಲೆಕ್ಟರ್ ಅಂದರೆ ‘ಆಯುಗ’. ಓದುಗ, ಕೇಳುಗ, ನೋಡುಗ ಇಲ್ಲವೇ, ಅದೇ ಕಟ್ಟು. ಎಲೆಕ್ಟೋರಲ್ ಕಾಲೇಜ್ ‘ಆಯುಗರ ಕೂಟ’ ಆಯಿತು. ‘ಆಯ್ಕೆಗಾರ’ ಮಾತ್ರ ಬೇಡ. ಆ ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು.

ಮೈಸೂರಿನಿಂದ:

‘ಆಯುಗ’ ಬೇಡವೇ ಬೇಡ. ಚುನಾವಣೆಯ ವಿಷಯದಲ್ಲಿ ಆ ಪದ ಕಂಡರೆ ಎಲ್ಲರೂ ‘ಆಯೋಗ’ದ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಇನ್ನು ‘ಗಾರ’ದ ಮೇಲೆ ಇಷ್ಟು ಸಿಟ್ಟು ಯಾಕೆ ಸ್ವಾಮಿ? ಬಳೆಗಾರ, ಹೂಗಾರ, ಹಾಡುಗಾರ ಇವರನ್ನೆಲ್ಲ ಕನ್ನಡದಿಂದ ಹೊರಗೆ ಕಳಿಸಬೇಕಾ? ‘ಆಯ್ಕೆಗಾರರ ಕೂಟ’ ಚೆನ್ನಾಗಿಯೇ ಇದೆ.

ಬೆಂಗಳೂರಿನಿಂದ:

ನಾನು ಸುದ್ದಿ ಅನುವಾದ ಮಾಡುವವಳು. ಮೂಲ ಯಾವುದು ಅನ್ನುವ ಜಗಳ ಆಮೇಲೆ ಆಡೋಣ. ಕೇಳಿದವರ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಇದೆ. ಇವೆಲ್ಲ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿರುವ ಪದಗಳು, ಆದರೆ ಗೊತ್ತಿರುವುದು ನಮ್ಮ ದೇಶದ ಅರ್ಥದಲ್ಲಿ. ಎಷ್ಟೋ ವರ್ಷ ಇಲ್ಲಿ ಓಟು ಹಾಕಿದವರು ಅಲ್ಲಿನ ಬೋರ್ಡನ್ನೂ ಇಲ್ಲಿನ ಅರ್ಥದಲ್ಲೇ ಓದುತ್ತಾರೆ.

‘ಮಧ್ಯಂತರ ಚುನಾವಣೆ’ ಅಂದರೆ ನಮಗೆ ಸದನ ವಿಸರ್ಜನೆ ಆಗಿ, ಅವಧಿಗೆ ಮುಂಚೆಯೇ ಬರುವ ಚುನಾವಣೆ. 1972ಕ್ಕೆ ಬರಬೇಕಿದ್ದ ಲೋಕಸಭಾ ಚುನಾವಣೆ 1971ರಲ್ಲೇ ನಡೆಯಿತಲ್ಲ, ಹಾಗೆ. ಅಮೆರಿಕದ ಅಧ್ಯಕ್ಷರಿಗೆ ಸದನ ವಿಸರ್ಜಿಸುವ ಅಧಿಕಾರವೇ ಇಲ್ಲ. ಮಿಡ್‌ಟರ್ಮ್ ಬರುವುದು ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ, ಮೊದಲೇ ಗೊತ್ತಾದ ದಿನ. ನವೆಂಬರ್‌ನ ಮೊದಲ ಸೋಮವಾರದ ಮಾರನೇ ದಿನ. ಕೆಳಮನೆಯ 435 ಸ್ಥಾನಕ್ಕೂ ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಆಗ ಚುನಾವಣೆ. ‘ಮಧ್ಯಾವಧಿ ಚುನಾವಣೆ’ ಅನ್ನಿ. ಕೆಳಗೆ ಒಂದು ಸಾಲು ಸೇರಿಸಿ: ಈ ಸಲ ಅಧ್ಯಕ್ಷರ ಆಯ್ಕೆ ಇಲ್ಲ.

‘ರಾಜ್ಯಪಾಲ’ ಇನ್ನೂ ಅಪಾಯ. ನಮ್ಮ ರಾಜ್ಯಪಾಲರನ್ನು ನೇಮಿಸುವುದು ರಾಷ್ಟ್ರಪತಿ, ನಮ್ಮ ಓಟಿಗೂ ಅವರಿಗೂ ಸಂಬಂಧ ಇಲ್ಲ. ಅಲ್ಲಿನ ಗವರ್ನರ್ ಜನರ ಓಟಿನಿಂದ ಗೆದ್ದು ಬರುವವರು. ಮಾಡುವುದು ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿಯ ಕೆಲಸ. ‘ರಾಜ್ಯಪಾಲರಿಗೆ ಯಾಕೆ ಓಟು’ ಅಂತ ಅಜ್ಜಿಯೊಬ್ಬರು ಆ ಸಾಲು ಹಾಗೇ ಬಿಟ್ಟರೆ ಅದು ನಮ್ಮ ಪದದ ತಪ್ಪು. ‘ಗವರ್ನರ್’ ಅಂತಲೇ ಬರೆಯಿರಿ. ನಮ್ಮ ಪತ್ರಿಕೆಗಳೂ ಹಾಗೇ ಬರೆಯುತ್ತವೆ.

ಸೆಕ್ರೆಟರಿ ಆಫ್ ಸ್ಟೇಟ್ ಎರಡು ಥರ. ವಾಷಿಂಗ್ಟನ್ನಿನಲ್ಲಿ ಇರುವವರು ವಿದೇಶಾಂಗ ಸಚಿವರು. ಅವರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಕ್ಯಾಲಿಫೋರ್ನಿಯಾದವರು ರಾಜ್ಯದ ಚುನಾವಣೆ ನೋಡಿಕೊಳ್ಳುವವರು, ಅವರನ್ನು ಜನರೇ ಆರಿಸುತ್ತಾರೆ. 2020ರ ಚುನಾವಣೆ ಆದಮೇಲೆ ಟ್ರಂಪ್ ಫೋನ್ ಮಾಡಿ ಓಟು ಹುಡುಕಲು ಹೇಳಿದ್ದು ಜಾರ್ಜಿಯಾ ರಾಜ್ಯದ ಇಂಥ ಅಧಿಕಾರಿಗೆ. ‘ಕಾರ್ಯದರ್ಶಿ’ ಅಂದರೆ ನಮ್ಮವರ ಕಣ್ಣ ಮುಂದೆ ಬರುವುದು ವಿಧಾನಸೌಧದ ಐಎಎಸ್ ಅಧಿಕಾರಿ. ಅದು ಬೇಡ. ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ‘ರಾಜ್ಯದ ಚುನಾವಣೆ ನಡೆಸುವವರು’ ಅಂತ ಬರೆಯಿರಿ.

‘ವಾಗ್ದಂಡನೆ’ ಪತ್ರಿಕೆಗಳಲ್ಲಿ ಗಟ್ಟಿಯಾಗಿ ಕೂತಿದೆ, ನನಗೆ ಬಹಳ ಬೇಸರ. ಇಂಪೀಚ್‌ಮೆಂಟ್ ಅಂದರೆ ಕೆಳಮನೆ ಆರೋಪ ಹೊರಿಸುವುದು, ಅಷ್ಟೇ. ವಿಚಾರಣೆ ಸೆನೆಟ್‌ನಲ್ಲಿ. ಮೂರನೇ ಎರಡು ಭಾಗ ಒಪ್ಪಿದರೆ ಮಾತ್ರ ಅಧ್ಯಕ್ಷರು ಕುರ್ಚಿ ಬಿಡಬೇಕು. 1868ರಲ್ಲಿ ಆಂಡ್ರ್ಯೂ ಜಾನ್ಸನ್, 1998ರಲ್ಲಿ ಕ್ಲಿಂಟನ್, 2019 ಮತ್ತು 2021ರಲ್ಲಿ ಟ್ರಂಪ್. ಆರೋಪ ಎಲ್ಲರ ಮೇಲೂ ಬಂತು, ಒಬ್ಬರೂ ಅದರಿಂದ ಇಳಿಯಲಿಲ್ಲ. ಹಾಗಿರುವಾಗ ‘ದಂಡನೆ’ ಎಲ್ಲಿ ಬಂತು? ಬರೀ ಮಾತಿನಲ್ಲಿ ಖಂಡಿಸುವ ನಿರ್ಣಯ ಅಲ್ಲಿ ಬೇರೆಯೇ ಇದೆ. 1834ರಲ್ಲಿ ಸೆನೆಟ್ ಆಂಡ್ರ್ಯೂ ಜಾಕ್ಸನ್ ಮೇಲೆ ಅಂಥ ನಿರ್ಣಯ ಮಾಡಿತ್ತು. ‘ವಾಗ್ದಂಡನೆ’ ಅದಕ್ಕೆ ಸರಿಹೊಂದುವ ಪದ. ಇಂಪೀಚ್‌ಮೆಂಟ್‌ಗೆ ‘ದೋಷಾರೋಪಣೆ’ ಸಾಕು. ಓಟು ಹಾಕುವವರಿಗೆ ಅದು ಬೇಡವೇ ಬೇಡ, ಬೋರ್ಡಿನಿಂದ ತೆಗೆದುಬಿಡಿ.

ಪ್ರೈಮರಿಗೆ ಶಿವಮೊಗ್ಗದವರ ‘ಮುನ್ನಾಯ್ಕೆ’ ನನಗೆ ಇಷ್ಟವಾಯಿತು. ‘ಪ್ರಾಥಮಿಕ’ ಅಂದರೆ ಶಾಲೆ ನೆನಪಾಗುತ್ತದೆ. ‘ಪಕ್ಷದೊಳಗಿನ ಆಯ್ಕೆ’ ಅಂತ ಕೆಲವರು ಬರೆಯುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಅದು ತಪ್ಪು. ಅಲ್ಲಿ 2012ರಿಂದ ಗವರ್ನರ್, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸ್ಥಾನಗಳಿಗೆಲ್ಲ ಪಕ್ಷ ಯಾವುದೇ ಇರಲಿ, ಹೆಚ್ಚು ಓಟು ಪಡೆದ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಇಬ್ಬರೂ ಒಂದೇ ಪಕ್ಷದವರು ಆಗಿರಬಹುದು. ‘ಮುನ್ನಾಯ್ಕೆ’ಯಲ್ಲಿ ಪಕ್ಷದ ಮಾತೇ ಇಲ್ಲ, ಹಾಗಾಗಿ ಒಪ್ಪುತ್ತದೆ. ಜೊತೆಗೆ ‘ಪ್ರೈಮರಿ’ ಅಂತಲೂ ಇರಲಿ, ಮತಪತ್ರದ ಕವರಿನ ಮೇಲೆ ಕಾಣುವುದು ಅದೇ.

ಎಲೆಕ್ಟೋರಲ್ ಕಾಲೇಜ್‌ಗೆ ನನ್ನ ಓಟು ಮೈಸೂರಿನವರ ‘ಆಯ್ಕೆಗಾರರ ಕೂಟ’ಕ್ಕೆ. ಒಟ್ಟು 538 ಜನ, ಗೆಲ್ಲಲು 270. ‘ಪ್ರತಿನಿಧಿಗಳು’ ಅನ್ನಬೇಡಿ. ಕಾಂಗ್ರೆಸ್ಸಿನ ಸದಸ್ಯರು ಎಲೆಕ್ಟರ್ ಆಗುವಂತಿಲ್ಲ ಅಂತ ಅಲ್ಲಿನ ಸಂವಿಧಾನದಲ್ಲೇ ಇದೆ. ನಮ್ಮ ರಾಷ್ಟ್ರಪತಿ ಆಯ್ಕೆಯಲ್ಲಿ ಸಂಸದರು, ಶಾಸಕರೇ ಓಟು ಹಾಕುವುದರಿಂದ ಇಲ್ಲಿಯವರಿಗೆ ಗೊಂದಲ ಸಹಜ.

ಶಿವಮೊಗ್ಗದಿಂದ:

‘ಮುನ್ನಾಯ್ಕೆ’ ಒಪ್ಪಿದ್ದಕ್ಕೆ ಸಂತೋಷ. ಆದರೆ ಗವರ್ನರ್, ಪ್ರೈಮರಿ, ಸೆಕ್ರೆಟರಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ಅದು ಅನುವಾದ ಹೇಗಾಗುತ್ತದೆ? ಹೀಗೆ ತಂದು ಸುರಿದರೆ ಪದ ಕಟ್ಟುವ ಶಕ್ತಿಯೇ ಹೋಗುತ್ತದೆ. ಒಂದು ತಲೆಮಾರು ಸುಮ್ನೆ ಕೂತರೆ ಮುಂದಿನವರಿಗೆ ಕ್ರಿಯಾಪದ ಮಾತ್ರ ಉಳಿಯುತ್ತದೆ.

ಮೈಸೂರಿನಿಂದ:

ಸರ್ಕಾರ, ಜಿಲ್ಲೆ, ಅರ್ಜಿ. ಇವು ಪಾರಸಿ, ಅರಬ್ಬಿಯಿಂದ ಬಂದವು. ಕನ್ನಡ ಸತ್ತುಹೋಯಿತಾ? ಅಮೆರಿಕದವರದೂ ಇದೇ ಕಥೆ. ಅವರ ‘ಫಿಲಿಬಸ್ಟರ್’ (ಸೆನೆಟ್‌ನಲ್ಲಿ ಮಾತಾಡುತ್ತಲೇ ಇದ್ದು ಮಸೂದೆ ತಡೆಯುವುದು) ಡಚ್ಚರ ಕಡಲುಗಳ್ಳರ ಪದ, ಸ್ಪ್ಯಾನಿಶ್ ಮೂಲಕ ಬಂದದ್ದು. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಓದುವವರಿಗೆ ತಲುಪಿತಾ ಅನ್ನುವುದು ಮುಖ್ಯ.

ಶಿವಮೊಗ್ಗದಿಂದ:

ಅವರು ಸಾಲ ಮಾಡಿದರು ಅಂತ ನಾವೂ ಮಾಡಬೇಕಾ? ಈ ವಾದ ಬಹಳ ಸಲ ಕೇಳಿದ್ದೇನೆ.

ನ್ಯೂಜೆರ್ಸಿಯಿಂದ:

ಜಗಳದ ನಡುವೆ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಮತದಾರರ ನೋಂದಣಿ ಅರ್ಜಿಯಲ್ಲಿ ಪಕ್ಷ ಕೇಳುತ್ತಾರೆ. ಭಾರತದಲ್ಲಿ ಹಾಗೆ ಕೇಳುವ ಪದ್ಧತಿಯೇ ಇಲ್ಲ. ‘ನಾನು ಪಕ್ಷೇತರ’ ಅಂದುಕೊಂಡು ‘ಅಮೆರಿಕನ್ ಇಂಡಿಪೆಂಡೆಂಟ್’ ಅನ್ನುವುದಕ್ಕೆ ಗುರುತು ಹಾಕಿದವರು ಕ್ಯಾಲಿಫೋರ್ನಿಯಾದಲ್ಲಿ ತುಂಬ ಜನ. ಅದು ಒಂದು ಪಕ್ಷದ ಹೆಸರು! 1968ರಲ್ಲಿ ಜಾರ್ಜ್ ವಾಲೆಸ್ ಅಧ್ಯಕ್ಷ ಸ್ಥಾನಕ್ಕೆ ನಿಂತದ್ದು ಅದರಿಂದಲೇ. ಆ ಹೆಸರನ್ನು ದಯವಿಟ್ಟು ಅನುವಾದ ಮಾಡಬೇಡಿ. ಯಾವ ಪಕ್ಷವೂ ಬೇಡ ಅನ್ನುವವರು ‘ನೋ ಪಾರ್ಟಿ ಪ್ರಿಫರೆನ್ಸ್’ ಗುರುತು ಮಾಡಬೇಕು. ಅದನ್ನು ‘ನೋಟಾ’ ಅಂತ ಮಾತ್ರ ಹೇಳಬೇಡಿ.

ಇನ್ನೊಂದು, ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ಕವರಿನ ಮೇಲಿನ ಸಹಿಯನ್ನು ನೋಂದಣಿಯಲ್ಲಿನ ಸಹಿಗೆ ಹೋಲಿಸುತ್ತಾರೆ. ನಮ್ಮ ಹಿರಿಯರು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಸಹಿ ಮಾಡುತ್ತಾರೆ. ಹೊಂದದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ, ಅದಕ್ಕೆ ಉತ್ತರ ಕೊಟ್ಟರೆ ಓಟು ಉಳಿಯುತ್ತದೆ. ಆ ಪತ್ರದಲ್ಲಿ ‘ಕ್ಯೂರ್’ ಅನ್ನುವ ಪದ ಕಾಣಬಹುದು. ‘ಸಹಿ ಸರಿಪಡಿಸುವುದು’ ಅನ್ನಿ.

ಶಿವಮೊಗ್ಗದಿಂದ:

‘ಸಹಿ’ ಕೂಡ ಅರಬ್ಬಿಯದು. ಕನ್ನಡದಲ್ಲಿ ‘ಒಪ್ಪ’ ಅಂತಿದೆ. ಶಾಸನಗಳಲ್ಲೇ ಸಿಗುತ್ತದೆ.

ಕ್ಯಾಲಿಫೋರ್ನಿಯಾದಿಂದ:

ಎಲ್ಲರಿಗೂ ತುಂಬ ಧನ್ಯವಾದ. ಮಧ್ಯಾವಧಿ ಚುನಾವಣೆ, ಗವರ್ನರ್, ಮುನ್ನಾಯ್ಕೆ ಮೂರೂ ಹಾಕುತ್ತಿದ್ದೇನೆ. ಇಂಪೀಚ್‌ಮೆಂಟ್ ತೆಗೆದೆ. ಆ ಜಾಗದಲ್ಲಿ ಸಹಿಯ ವಿಷಯ ದಪ್ಪ ಅಕ್ಷರದಲ್ಲಿ ಬರುತ್ತದೆ, ‘ಸಹಿ’ ಅಂತಲೇ.