ಐಸಿಯು ಆಡಿಟ್: ಬಿಪಿಎಲ್ ಗುಂಪಿನಲ್ಲಿ ಸಾವು ಕಡಿಮೆ ಕಾಣುತ್ತಿದೆ, ನಂಬಬಹುದೇ?

ಪ್ರಶ್ನೆ
ಜಿಲ್ಲಾ ಕೇಂದ್ರದ ಐಸಿಯು ಒಂದರ ವರ್ಷದ ಆಡಿಟ್ ನಡೆಯುತ್ತಿದೆ. ಬಿಪಿಎಲ್ ಕಾರ್ಡಿನವರು, ಉಳಿದವರು ಎಂದು ಎರಡು ಗುಂಪು ಮಾಡಿದರೆ ಬಿಪಿಎಲ್‌ನಲ್ಲೇ ಸಾವು ಸ್ವಲ್ಪ ಕಡಿಮೆ. ಅಪಾಚೆ-2 ಸ್ಕೋರ್‌ಗೆ (ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂದು ಅಳೆಯುವ ಅಂಕ) ಹೊಂದಿಸಿದರೆ ವ್ಯತ್ಯಾಸವೇ ಇಲ್ಲ. ‘ಅಸಮಾನತೆ ಕಂಡುಬಂದಿಲ್ಲ’ ಎಂದು ಬರೆಯಬಹುದೇ?

ಉತ್ತರ 1
ದಯವಿಟ್ಟು ಬರೆಯಬೇಡಿ. ಮೊದಲು ಡಿಸ್ಚಾರ್ಜ್ ಕಾಲಂ ನೋಡಿ. ಲಾಮಾ, ಅಂದರೆ ವೈದ್ಯರ ಸಲಹೆ ಮೀರಿ ಮನೆಯವರು ಕರೆದುಕೊಂಡು ಹೋದವರು, ಯಾವ ಲೆಕ್ಕದಲ್ಲಿದ್ದಾರೆ? ಎಷ್ಟೋ ಕಡೆ ‘ಜೀವಂತ ಬಿಡುಗಡೆ’ಗೆ ಸೇರಿಹೋಗಿರುತ್ತಾರೆ. ದುಡ್ಡು ಮುಗಿದ ಮೇಲೆ ವೆಂಟಿಲೇಟರ್ ಬಿಡಿಸಿ, ಅಂಬು ಬ್ಯಾಗ್ (ಕೈಯಿಂದ ಉಸಿರು ಕೊಡುವ ಚೀಲ) ಒತ್ತುತ್ತಾ ಆಂಬುಲೆನ್ಸ್ ಹತ್ತಿಸಿದವರ ಸಾವು ದಾರಿಯಲ್ಲೋ ಮನೆಯಲ್ಲೋ ಆಗುತ್ತದೆ, ನಿಮ್ಮ ರಿಜಿಸ್ಟರಿಗೆ ಬರುವುದಿಲ್ಲ. ಉದಾಹರಣೆಗೆ 100 ಜನರಲ್ಲಿ 18 ಸಾವು, 14 ಲಾಮಾ ಇದ್ದರೆ ನಿಜವಾದ ಸಂಖ್ಯೆ 18ರಿಂದ 32ರ ನಡುವೆ ಎಲ್ಲೋ ಇದೆ. ಎರಡೂ ತುದಿಗಳನ್ನು ವರದಿಯಲ್ಲಿ ಕೊಡಿ.

ಮುಂದಿನ ವರ್ಷಕ್ಕೆ 30ನೇ ದಿನ ಫೋನ್ ಮಾಡುವ ವ್ಯವಸ್ಥೆ ಇಟ್ಟುಕೊಳ್ಳಿ. ದಾಖಲಿಸುವಾಗಲೇ ಇಬ್ಬರು ಸಂಬಂಧಿಕರ ನಂಬರ್, ಊರಿನ ಆಶಾ ಕಾರ್ಯಕರ್ತೆಯ ನಂಬರ್ ಬರೆದುಕೊಳ್ಳಿ. ತೀರಿಕೊಂಡವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ಸಿಗದವರನ್ನು ಲೆಕ್ಕದಿಂದ ಬಿಟ್ಟರೆ ಮತ್ತೆ ಅದೇ ತಪ್ಪು.

ಉತ್ತರ 2
ಲಾಮಾ ಸರಿಮಾಡಿದರೂ ಅಪಾಚೆ ಕೈಕೊಡುತ್ತದೆ. ಅದು ಮೊದಲ 24 ಗಂಟೆಯ ಅತಿ ಕೆಟ್ಟ ಮೌಲ್ಯಗಳನ್ನು ಎಣಿಸುತ್ತದೆ. ಕೀಟನಾಶಕ ಕುಡಿದ ಕೂಲಿಕಾರ್ಮಿಕ ಮೂರು ಆಸ್ಪತ್ರೆ ಅಲೆದು, ದಾರಿಯಲ್ಲೇ ವಾಂತಿ ಶ್ವಾಸಕೋಶಕ್ಕೆ ಇಳಿದು ಬಂದರೆ ರಕ್ತದ ಪಿಎಚ್, ಆಕ್ಸಿಜನ್, ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಅಂಕ) ಎಲ್ಲ ಕುಸಿದಿರುತ್ತವೆ. ಸ್ಕೋರ್ ಏರುತ್ತದೆ, ‘ಈ ಸಾವು ನಿರೀಕ್ಷಿತ’ ಎಂದು ಲೆಕ್ಕ ಹೇಳುತ್ತದೆ. ಅನ್ಯಾಯ ನಡೆದದ್ದೇ ಆ ತಡದಲ್ಲಿ; ಸ್ಕೋರ್‌ಗೆ ಹೊಂದಿಸಿದಾಗ ಅದನ್ನೇ ಅಳಿಸಿದ ಹಾಗಾಯಿತು. ಆದ್ದರಿಂದ ಮೊದಲು ವಯಸ್ಸು, ಕಾಯಿಲೆಗೆ ಮಾತ್ರ ಹೊಂದಿಸಿ ತೋರಿಸಿ, ಸ್ಕೋರ್ ಸೇರಿಸಿದ್ದನ್ನು ಪಕ್ಕದಲ್ಲಿಡಿ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ. ದೀರ್ಘಕಾಲದ ಕಾಯಿಲೆಗೆ 2 ಅಥವಾ 5 ಅಂಕ ಸಿಗುವುದು ಅದು ಮೊದಲೇ ಪತ್ತೆಯಾಗಿದ್ದರೆ ಮಾತ್ರ. ಎಂದೂ ತಪಾಸಣೆ ಕಾಣದ ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ರೋಗಿಗೆ ಸೊನ್ನೆ. ಬೇರೆ ಕಡೆ ಎರಡು ದಿನ ಚಿಕಿತ್ಸೆ ಪಡೆದು ಬಿಪಿ ಸುಧಾರಿಸಿ ಬಂದವರಿಗೂ ಸ್ಕೋರ್ ಸುಳ್ಳಾಗಿ ಕಡಿಮೆ ಬರುತ್ತದೆ. ಜಿಸಿಎಸ್‌ನಲ್ಲಿ ಭಾಷೆಯ ತೊಡಕು ಬೇರೆ: ಒಡಿಯಾ ಮಾತ್ರ ಬಲ್ಲ ಕಾರ್ಮಿಕನಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ, ‘ಗೊಂದಲ’ ಎಂದು ಮಾತಿನ ಅಂಕ 5ರ ಬದಲು 4 ಕೊಡುತ್ತಾರೆ; ಆಗ ಅಪಾಚೆ ಸ್ಕೋರ್ ಸುಳ್ಳಾಗಿ ಏರುತ್ತದೆ.

ತಡವನ್ನು ಅಳೆಯಲು ನಾಲ್ಕು ಸಮಯಗಳನ್ನು ಗಡಿಯಾರ ನೋಡಿ ಬರೆಸಿ: ಲಕ್ಷಣ ಶುರುವಾದದ್ದು, ಮೊದಲ ಆಸ್ಪತ್ರೆ, ರೆಫರ್ ಆದದ್ದು, ಐಸಿಯು ಹಾಸಿಗೆ.

ಉತ್ತರ 3
ಬಿಪಿಎಲ್ ಕಾರ್ಡ್ ಬಡತನದ ಅಳತೆಗೋಲೇ ಅಲ್ಲ. ರಾಜ್ಯದ ಬಹುಪಾಲು ಕುಟುಂಬಗಳ ಬಳಿ ಅದಿದೆ. ಕಾರ್ಡೇ ಇಲ್ಲದ ವಲಸೆ ಕಾರ್ಮಿಕರು ನಿಮ್ಮ ‘ಉಳಿದವರು’ ಗುಂಪಿಗೆ ಬಿದ್ದು ಅಲ್ಲಿನ ಸಾವು ಏರಿಸುತ್ತಾರೆ. ಅವರನ್ನು ಬೇರೆ ಗುಂಪು ಮಾಡಿ. ಕುಟುಂಬದಲ್ಲಿ ಹೆಚ್ಚು ಓದಿದವರು ಎಷ್ಟನೇ ತರಗತಿ, ಊರಿನಿಂದ ಎಷ್ಟು ಕಿ.ಮೀ., ಬಿಲ್ ಕಟ್ಟಿದ್ದು ಯೋಜನೆಯೋ ಸಾಲವೋ, ಇಷ್ಟು ಕೇಳಿದರೆ ಕಾರ್ಡಿಗಿಂತ ಹೆಚ್ಚು ತಿಳಿಯುತ್ತದೆ.

ಆಕ್ಸಿಮೀಟರನ್ನೂ ಪರೀಕ್ಷಿಸಿ. 2020ರ ಅಮೆರಿಕದ ಅಧ್ಯಯನದಲ್ಲಿ ಬೆರಳಿನ ರೀಡಿಂಗ್ 92ರಿಂದ 96 ಇದ್ದಾಗಲೂ ರಕ್ತದ ಆಕ್ಸಿಜನ್ 88ಕ್ಕಿಂತ ಕೆಳಗಿದ್ದದ್ದು ಕಪ್ಪು ಜನರಲ್ಲಿ 11.7%, ಬಿಳಿಯರಲ್ಲಿ 3.6%. ಬಿಸಿಲಲ್ಲಿ ದುಡಿದು ಕಪ್ಪಾದ ಬೆರಳಿಗೆ ಸಿಕ್ಕಿಸಿ 93 ಬಂದರೆ ಎಬಿಜಿ (ಅಪಧಮನಿ ರಕ್ತದ ಆಕ್ಸಿಜನ್ ಪರೀಕ್ಷೆ) ಒಮ್ಮೆ ತೆಗೆದು, ಎರಡರ ಅಂತರವನ್ನು ಕೇಸ್ ಶೀಟಿನ ಮೇಲೇ ಬರೆದಿಡಿ.